ಯೋಗಿಯ ಸ್ಟೆಪ್ನಿ

ಮಗಳ ಮನೆಯಲ್ಲಿ ಬೀಗರು ಆರು ತಿಂಗಳು, ನಾವು ಆರು ತಿಂಗಳು. ಹೀಗೆಂದು ಯಾರೂ ಕೂತು ಮಾತಾಡಿಕೊಂಡದ್ದಲ್ಲ. ಅಮೆರಿಕದವರು ನಮ್ಮಂಥವರನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರಗೊಡುವುದಿಲ್ಲ. ಮಗಳಿಗೂ ಅಳಿಯನಿಗೂ ಆಫೀಸು. ಶಾಲೆಯಿಂದ ಬಂದ ಮೊಮ್ಮಗನಿಗೆ ಬಾಗಿಲು ತೆಗೆಯಲು ಒಬ್ಬರು ಬೇಕು. ಹಾಗಾಗಿ ತಾನಾಗಿ ಬಿದ್ದ ಪಾಳಿ ಇದು. ಬೀಗರಿಗೆ ಅಲ್ಲಿಯ ಕಾರು ಓಡಿಸಲು ಬರುತ್ತದೆ, ಪಿಜ್ಜಾ ಮಾಡಲೂ ಬರುತ್ತದಂತೆ. ನನಗೆ ಎರಡೂ ಬರುವುದಿಲ್ಲ. ಆದ್ದರಿಂದ ಆ ಮನೆಯಲ್ಲಿ ಅವರು ಮೊದಲ ದರ್ಜೆಯ ತಾತ, ನಾನು ಎರಡನೆಯವನು. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಬೀಗಿತ್ತಿ ಹಾಕಿಟ್ಟು ಹೋದ ಉಪ್ಪಿನಕಾಯಿ ಜಾಡಿಯನ್ನು ನನ್ನ ಹೆಂಡತಿ ಮೂಸಿ ನೋಡಿ, ಏನೂ ಹೇಳದೆ ಫ್ರಿಜ್ಜಿನ ಹಿಂದಿನ ಸಾಲಿಗೆ ತಳ್ಳುವುದನ್ನು ಬಿಟ್ಟರೆ, ಎರಡು ಮನೆಗಳ ನಡುವೆ ಯಾವ ಪೈಪೋಟಿಯೂ ಇಲ್ಲ.

ಮನೆ ಇರುವುದು ಮಿಲ್‌ಬ್ರೇ ಎಂಬ ಊರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಗುಡ್ಡದ ಬೀದಿಯಲ್ಲಿ ನಿಂತು ನೋಡಿದರೆ ವಿಮಾನಗಳು ನೆಲ ಬಿಟ್ಟು ಕೊಲ್ಲಿಯ ನೀರಿಗೇ ಇಳಿಯುತ್ತಿವೆ ಅನ್ನಿಸುತ್ತದೆ. ಅಲ್ಲಿ ನನ್ನ ಕೆಲಸ ಕಾಯುವುದು. ಕೊರಿಯರ್‌ನವನಿಗೆ ಕಾಯಬೇಕು, ಕುಕ್ಕರ್ ಮೂರು ಸಲ ಕೂಗುವುದಕ್ಕೆ ಕಾಯಬೇಕು, ವಾರಕ್ಕೆ ಎರಡು ದಿನ ಮೊಮ್ಮಗನ ಜೊತೆ ಆಟದ ಮೈದಾನಕ್ಕೆ ಹೋಗಿ ಅವನ ಆಟ ಮುಗಿಯುವುದಕ್ಕೆ ಕಾಯಬೇಕು.

ಹುಡುಗನಿಗೆ ಒಂಬತ್ತು ವರ್ಷ. ಮಕ್ಕಳ ಬೇಸ್‌ಬಾಲ್ ತಂಡದಲ್ಲಿದ್ದಾನೆ. ಮೊದಲ ದಿನ ಕಾರಿನಲ್ಲಿ ಕೇಳಿದೆ, ‘ನೀನು ಎಲ್ಲಿ ನಿಲ್ತೀಯೋ?’

‘ನಾನು ಬ್ಯಾಕಪ್ ಕ್ಯಾಚರ್ ತಾತ.’

‘ಹಂಗಂದ್ರೆ?’

‘ಕ್ಯಾಚರ್‌ಗೆ ಏನಾದ್ರೂ ಆದ್ರೆ ನಾನು.’

‘ಏನಾಗತ್ತೆ ಅವನಿಗೆ?’

ಸ್ವಲ್ಪ ಯೋಚಿಸಿ ಹೇಳಿದ, ‘ಇನ್ನೂ ಏನೂ ಆಗಿಲ್ಲ.’

‘ಓಹೋ, ಸ್ಟೆಪ್ನಿ ಅನ್ನು’ ಎಂದೆ. ಆ ಪದ ಅವನಿಗೆ ಎಷ್ಟು ಹಿಡಿಸಿತೆಂದರೆ ಮೈದಾನ ಬರುವ ತನಕ ಸ್ಟೆಪ್ನಿ, ಸ್ಟೆಪ್ನಿ ಎಂದು ಜಪ ಮಾಡಿದ. ಕಾರು ಓಡಿಸುತ್ತಿದ್ದ ಮಗಳು ಮಾತ್ರ, ‘ಅಪ್ಪಾ, ಈ ದೇಶದಲ್ಲಿ ಆ ಪದ ಒಬ್ಬರಿಗೂ ಗೊತ್ತಿಲ್ಲ. ಅವನು ಹೋಗಿ ಕೋಚ್ ಹತ್ರ ಹೇಳಿಗೀಳಿಯಾನು’ ಎಂದು ಗದರಿದಳು.

ಅಮೆರಿಕದಲ್ಲಷ್ಟೇ ಅಲ್ಲ, ಅದು ಹುಟ್ಟಿದ ಬ್ರಿಟನ್ನಿನಲ್ಲೂ ಈಗ ಹೆಚ್ಚು ಜನಕ್ಕೆ ಗೊತ್ತಿರಲಾರದು. ವೇಲ್ಸ್‌ನ ಲಾನೆಲ್ಲಿ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿ. ಆಗಿನ ಕಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ನಡುಹಾದಿಯಲ್ಲಿ ಕೂತು ತೇಪೆ ಹಚ್ಚಬೇಕು. 1904ರ ಸುಮಾರಿಗೆ ಥಾಮಸ್ ಮಾರಿಸ್ ಡೇವಿಸ್ ಎಂಬಾತ ಬದಲಿ ಚಕ್ರವೊಂದನ್ನು ಮಾಡಿ, ಬೀದಿಯ ಹೆಸರನ್ನೇ ಅದಕ್ಕಿಟ್ಟು ಮಾರಿದ. ಬೀದಿಯ ಹೆಸರು ಸಮುದ್ರ ದಾಟಿ ಬಂದು ನಮ್ಮ ಲಾರಿ ಡ್ರೈವರುಗಳ ಬಾಯಲ್ಲಿ ನೆಲೆಸಿತು. ಇಂಗ್ಲಿಷರು ಬಿಟ್ಟುಹೋದ ಸಾಮಾನುಗಳನ್ನು ಅವರಿಗಿಂತ ಜೋಪಾನವಾಗಿ ಇಟ್ಟುಕೊಳ್ಳುವುದರಲ್ಲಿ ನಾವು ಎತ್ತಿದ ಕೈ.

ಇರಲಿ. ಬೇಸ್‌ಬಾಲ್ ನನಗೆ ಅರ್ಥವಾಗಲು ತಿಂಗಳು ಹಿಡಿಯಿತು, ಅದೂ ಅರ್ಧ. ಆದರೆ ಕ್ಯಾಚರ್ ಮಾತ್ರ ಮೊದಲ ದಿನವೇ ಅರ್ಥವಾದ. ಅವನು ನಮ್ಮ ವಿಕೆಟ್ ಕೀಪರ್, ಮುಂದೆ ವಿಕೆಟ್ ಇಲ್ಲ, ಅಷ್ಟೆ. ಹದಿನೆಂಟು ಮೀಟರ್ ಚಿಲ್ಲರೆ ದೂರದಿಂದ ಪಿಚರ್ ಚೆಂಡೆಸೆಯುತ್ತಾನೆ. ದೊಡ್ಡವರ ಆಟದಲ್ಲಿ ಅದು ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬರುವುದು ಮಾಮೂಲು. ಅದನ್ನು ಹಿಡಿಯುವವನು ಕುಕ್ಕುರುಗಾಲಲ್ಲಿ ಕೂತಿರುತ್ತಾನೆ. ಒಂದು ಆಟಕ್ಕೆ ನೂರು-ನೂರೈವತ್ತು ಸಲ ಹಾಗೆ ಕೂತು ಏಳಬೇಕು. ನಾನು ದೇವರ ಮನೆಯಲ್ಲಿ ಒಂದು ಸಲ ಕೂತು ಏಳುವಷ್ಟರಲ್ಲಿ ಎರಡು ದೇವರ ಹೆಸರು ಹೇಳಿರುತ್ತೇನೆ. ತಂಡದ ಒಂಬತ್ತು ಜನರಲ್ಲಿ ಎಂಟು ಜನ ಒಂದು ದಿಕ್ಕಿಗೆ ನೋಡುತ್ತಿದ್ದರೆ ಕ್ಯಾಚರ್ ಒಬ್ಬನೇ ಎದುರು ದಿಕ್ಕಿಗೆ, ಅವರೆಲ್ಲರನ್ನೂ ನೋಡುತ್ತ ಕೂತಿರುತ್ತಾನೆ. ಮುಖಕ್ಕೆ ಜಾಲರಿ, ಎದೆಗೆ ದಿಂಬು, ಮೊಣಕಾಲಿಗೆ ಕವಚ. ಈ ಸರಂಜಾಮಿಗೆ ಆಟಗಾರರೇ ಇಟ್ಟ ಅಡ್ಡಹೆಸರು ‘ಅಜ್ಞಾನದ ಸಲಕರಣೆಗಳು’. ಬುದ್ಧಿ ಇದ್ದವನು ಇದನ್ನು ತೊಟ್ಟುಕೊಂಡು ಅಲ್ಲಿ ಹೋಗಿ ಕೂರುತ್ತಾನೆಯೇ ಎಂದು ಭಾವ. ಆ ಹೆಸರಿಟ್ಟವರಲ್ಲಿ ಒಬ್ಬನೆಂದು ಹೇಳುವ ಮಡ್ಡಿ ರೂಲ್ ಎಂಬ ಕ್ಯಾಚರ್ ಕಾನೂನು ಓದಿದ್ದ ವಕೀಲ.

ಮೈದಾನದ ಬೆಂಚಿನಲ್ಲಿ ನನ್ನ ಹಾಗೇ ಮೊಮ್ಮಗನನ್ನು ಕಾಯುವ ಒಬ್ಬ ಅಮೆರಿಕನ್ ಮುದುಕ ಬರುತ್ತಿದ್ದ. ಆಟದ ಗಂಧವಿಲ್ಲದ ನನ್ನಂಥವನು ಸಿಕ್ಕಿದ್ದು ಅವನಿಗೆ ಹಬ್ಬ. ನನ್ನವನು ಬ್ಯಾಕಪ್ ಕ್ಯಾಚರ್ ಎಂದು ಹೇಳಿದಾಗ, ಮುಖದಲ್ಲಿ ಕನಿಕರ ತೋರಿಸದ ಒಬ್ಬನೇ ಮನುಷ್ಯ ಅವನು. ಬದಲಿಗೆ, ಜಗತ್ತಿನ ದೊಡ್ಡ ಬ್ಯಾಕಪ್ ಕ್ಯಾಚರ್ ಇದ್ದದ್ದು ಇದೇ ಊರಿನಲ್ಲಿ, ಗೊತ್ತೇ ಎಂದ. ಹೀಗೆ ನನಗೆ ಪರಿಚಯವಾದವನು ಚಾರ್ಲಿ ಸಿಲ್ವೆರಾ.

ಮನೆಗೆ ಬಂದು ಹುಡುಕಿ ಓದಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಲೆಡ್ಜರ್ ಓದುವುದು ಚಟ. ಬೇಸ್‌ಬಾಲಿನವರೋ ಪ್ರತಿ ಆಟಗಾರನ ಪೈಸೆ ಪೈಸೆ ಲೆಕ್ಕ ಇಟ್ಟಿದ್ದಾರೆ. ಸಿಲ್ವೆರಾ ಹುಟ್ಟಿದ್ದು 1924ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1948ರ ಕೊನೆಗೆ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಬಂದ. ನಾಲ್ಕು ಆಟ, 14 ಸರದಿ, ಎಂಟು ಹಿಟ್. ಹತ್ತಕ್ಕೆ ಮೂರು ಹೊಡೆದರೆ ಭೇಷ್ ಅನ್ನಿಸಿಕೊಳ್ಳುವ ಆಟ ಇದು (ನಮ್ಮ ಎಸ್ಸೆಸ್ಸೆಲ್ಸಿಗೆ ಹೋಲಿಸಿದರೆ ಫೇಲಾದವರೇ ಇಲ್ಲಿ ರ್‍ಯಾಂಕ್ ವಿದ್ಯಾರ್ಥಿಗಳು), ಅದರಲ್ಲಿ ಹದಿನಾಲ್ಕಕ್ಕೆ ಎಂಟು! ಈ ಹುಡುಗನಿಗೆ ಭವಿಷ್ಯವಿದೆ ಎಂದು ಯಾರಾದರೂ ಹೇಳುತ್ತಿದ್ದರು. ಆದರೆ ಅವನ ಮುಂದೆ ಒಬ್ಬ ಕೂತಿದ್ದ. ಯೋಗಿ ಬೆರ್ರಾ.

ಬೆರ್ರಾನ ನಿಜ ಹೆಸರು ಲಾರೆನ್ಸ್ ಪೀಟರ್ ಬೆರ್ರಾ. ಸೇಂಟ್ ಲೂಯಿಸ್‌ನ ಇಟಾಲಿಯನ್ ಕೇರಿಯ ಹುಡುಗ. ಹುಡುಗರೆಲ್ಲ ಸಿನಿಮಾಕ್ಕೆ ಹೋದಾಗ ಭಾರತದ ಬಗ್ಗೆ ಒಂದು ಪ್ರವಾಸದ ಚಿತ್ರ ತೋರಿಸಿದರಂತೆ. ಅದರಲ್ಲೊಬ್ಬ ಯೋಗಿ, ಕಾಲು ಮಡಚಿ ಕೂತವನು. ಬ್ಯಾಟಿಂಗ್ ಸರದಿಗೆ ಕಾಯುವಾಗ ನಮ್ಮವನೂ ಹೀಗೇ ಕೂರುತ್ತಾನಲ್ಲ ಎಂದು ಗೆಳೆಯ ಇಟ್ಟ ಹೆಸರು ಯೋಗಿ. ಹೆಸರು ಎಷ್ಟು ಅಂಟಿತೆಂದರೆ ಲಾರೆನ್ಸ್ ಎಂದರೆ ಯಾರು ಎಂದು ಕೇಳುವ ಹಾಗಾಯಿತು. ಪತಂಜಲಿಯ ಕಾಲದಿಂದ ನಾವು ರಫ್ತು ಮಾಡಿದ ಯೋಗದಲ್ಲಿ ಇಷ್ಟು ವಿಳಾಸ ತಪ್ಪಿದ ಕಂತು ಇನ್ನೊಂದಿರಲಾರದು. ಯಾಕೆಂದರೆ ಈ ಯೋಗಿ ಕೂರುವ ಜಾತಿಯವನೇ ಅಲ್ಲ. ದಣಿವು ಅರಿಯದ ಮನುಷ್ಯ. ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. 1950ರಲ್ಲಿ ತಂಡ ಆಡಬೇಕಿದ್ದದ್ದು 154 ಆಟ, ಬೆರ್ರಾ ಆಡಿದ್ದು 151. ಆ ವರ್ಷ ಸಿಲ್ವೆರಾಗೆ ಸಿಕ್ಕ ಆಟ 18. ಅದರಲ್ಲೂ ಎಷ್ಟೋ ಸಲ ಕೊನೆಯ ಗಳಿಗೆಯಲ್ಲಿ ಒಳಗೆ ಹೋದದ್ದು. ಹೆಸರು ಬೆರ್ರಾನದಾಯಿತು, ತಪಸ್ಸು ಇವನ ಪಾಲಿಗೆ ಬಂತು.

ತಂಡದ ಮ್ಯಾನೇಜರ್ ಕೇಸಿ ಸ್ಟೆಂಗೆಲ್ ಪಾಳಿ ಪದ್ಧತಿಗೆ ಹೆಸರಾದವನು. ಎದುರಿಗೆ ಎಡಗೈ ಪಿಚರ್ ಇದ್ದರೆ ಒಬ್ಬ, ಬಲಗೈಯವನಿದ್ದರೆ ಇನ್ನೊಬ್ಬ, ಹೀಗೆ ಒಂದೇ ಜಾಗಕ್ಕೆ ಇಬ್ಬರನ್ನು ಅದಲು ಬದಲು ಮಾಡಿ ಆಡಿಸುತ್ತಿದ್ದ. ಅಪ್ಪಟ ಬೀಗರು-ನಾವು ಲೆಕ್ಕ. ಈ ಭಾಗ್ಯ ತಂಡದಲ್ಲಿ ಹಲವರಿಗೆ ಒದಗಿತು. ಕ್ಯಾಚರ್ ಜಾಗಕ್ಕೆ ಬಂದಾಗ ಮಾತ್ರ ಸ್ಟೆಂಗೆಲ್ ತನ್ನ ಪದ್ಧತಿಯನ್ನು ಮರೆತುಬಿಡುತ್ತಿದ್ದ.

1949ರಿಂದ 1956ರ ತನಕ ಎಂಟು ವರ್ಷ. ವರ್ಷಕ್ಕೆ 154ರಂತೆ ಯಾಂಕೀಸ್ ಆಡಿದ್ದು 1200ಕ್ಕೂ ಮಿಕ್ಕಿದ ಆಟ. ಸಿಲ್ವೆರಾ ಮೈದಾನಕ್ಕಿಳಿದದ್ದು 197ರಲ್ಲಿ. ಉಳಿದ ಸಾವಿರ ಸಂಜೆ-ಮಧ್ಯಾಹ್ನಗಳಲ್ಲಿ ಆತ ಏನು ಮಾಡುತ್ತಿದ್ದ? ಈ ಪ್ರಶ್ನೆ ನನ್ನನ್ನು ಕಾಡಿತು. ಬೆಂಚಿನ ಮುದುಕ ವಿವರಿಸಿದ. ಮೈದಾನದ ಆಚೆ ತುದಿಯಲ್ಲಿ ಬುಲ್‌ಪೆನ್ ಎಂಬ ಜಾಗ ಇರುತ್ತದೆ. ಅಂದರೆ ಹೋರಿದೊಡ್ಡಿ. ಆಡುತ್ತಿರುವ ಪಿಚರ್ ಸುಸ್ತಾದಂತೆ ಕಂಡರೆ ಇನ್ನೊಬ್ಬ ಅಲ್ಲಿ ತೋಳು ಕಾಯಿಸಿಕೊಳ್ಳಬೇಕು. ಅವನು ಎಸೆಯುವ ಇಪ್ಪತ್ತು ಮೂವತ್ತು ಚೆಂಡುಗಳನ್ನು ಯಾರಾದರೂ ಹಿಡಿಯಬೇಕಲ್ಲ? ಬ್ಯಾಕಪ್ ಕ್ಯಾಚರ್ ಕುಕ್ಕುರುಗಾಲಲ್ಲಿ ಕೂತು ಹಿಡಿಯುತ್ತಾನೆ. ತೋಳು ಬಿಸಿಯಾದ ಪಿಚರ್ ಚಪ್ಪಾಳೆಯ ನಡುವೆ ಮೈದಾನಕ್ಕೆ ಓಡುತ್ತಾನೆ. ಇವನು ದೊಡ್ಡಿಯಲ್ಲೇ ಉಳಿಯುತ್ತಾನೆ. ಎಷ್ಟೋ ಸಲ ಮೈದಾನದೊಳಗಿನ ಪಿಚರ್ ಸುಧಾರಿಸಿಕೊಂಡುಬಿಡುತ್ತಾನೆ, ಬಿಸಿಯಾದವನು ಮತ್ತೆ ಕೂರುತ್ತಾನೆ. ಇನ್ನರ್ಧ ಗಂಟೆಗೆ ಪುನಃ ಅದೇ. ಒಲೆ ಹೊತ್ತಿಸುವುದು, ಎಸರಿಡುವುದು, ಅಕ್ಕಿ ಹಾಕುವ ಮುಂಚೆ ಆರಿಸುವುದು. ಆಟದ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಸ್ಟೆಪ್ನಿಯ ಬದುಕಿನ ನೈತಿಕ ಇಕ್ಕಟ್ಟು ಏನೆಂದರೆ, ಅದರ ಒಳ್ಳೆಯ ಕಾಲ ಇನ್ನೊಂದು ಚಕ್ರದ ಕೆಟ್ಟ ಕಾಲದಿಂದಲೇ ಶುರುವಾಗಬೇಕು. 1949ರ ಆಗಸ್ಟಿನಲ್ಲಿ ಬೆರ್ರಾನ ಹೆಬ್ಬೆರಳಿಗೆ ಚೆಂಡು ಬಿದ್ದು ಮೂಳೆ ಮುರಿಯಿತು. ಸಿಲ್ವೆರಾ ಆ ವರ್ಷ 58 ಆಟ ಆಡಿದ. ಇಡೀ ಜೀವಮಾನದಲ್ಲಿ ಅದೇ ಅತಿ ಹೆಚ್ಚು. ಹಿಟ್ಟಿನ ಸರಾಸರಿ .315, ಅಂದರೆ ಹತ್ತಕ್ಕೆ ಮೂರಕ್ಕಿಂತ ಮೇಲೆ. ಒಳ್ಳೆಯ ಮನುಷ್ಯ, ಗೆಳೆಯನ ಬೆರಳು ಮುರಿಯಲಿ ಎಂದು ಹರಸಿಕೊಂಡಿರಲಾರ. ಆದರೆ ಡಾಕ್ಟರು ಇನ್ನೆರಡು ವಾರ ವಿಶ್ರಾಂತಿ ಬೇಕು ಎಂದಾಗ ‘ಅಯ್ಯೋ’ ಎಂದ ದನಿ ಹೇಗಿದ್ದಿರಬಹುದು ಎಂದು ನಾನು ಊಹಿಸಬಲ್ಲೆ.

ಊಹಿಸಬಲ್ಲೆ ಯಾಕೆಂದರೆ ನಾನೂ ಬ್ಯಾಂಕಿನಲ್ಲಿ ಹನ್ನೊಂದು ದಿನ ಇನ್‌ಚಾರ್ಜ್ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಸಾಹೇಬರು ಮಗಳ ಮದುವೆಗೆ ರಜೆ ಹಾಕಿದರು. ಮೊದಲ ದಿನ ಅವರ ಕುರ್ಚಿಯ ತುದಿಯಲ್ಲಿ ಕೂತೆ. ಕುರ್ಚಿಯ ಬೆನ್ನಿಗೆ ಅವರು ಹೊದಿಸಿಟ್ಟಿದ್ದ ಟವೆಲನ್ನು ತೆಗೆಯುವುದೋ ಬಿಡುವುದೋ ತಿಳಿಯಲಿಲ್ಲ. ತೆಗೆದರೆ ಅಧಿಕಪ್ರಸಂಗ, ಬಿಟ್ಟರೆ ಅವರೇ ಹಿಂದೆ ಕೂತ ಹಾಗೆ. ಬಂದ ಗಿರಾಕಿಗಳೆಲ್ಲ ಬಾಗಿಲಲ್ಲಿ ನಿಂತು, ಕುರ್ಚಿಯಲ್ಲಿದ್ದ ನನ್ನನ್ನು ನೋಡಿಕೊಂಡೇ, ‘ಮ್ಯಾನೇಜರ್ ಸಾಹೇಬ್ರು ಯಾವಾಗ ಬರ್ತಾರೆ?’ ಎಂದು ಕೇಳಿ ಹೋಗುತ್ತಿದ್ದರು. ಒಂಬತ್ತನೇ ದಿನಕ್ಕೆ ಬೆನ್ನು ಆನಿಸಿ ಕೂರುವ ಧೈರ್ಯ ಬಂತು. ಹನ್ನೆರಡನೇ ದಿನ ಅವರು ಲಾಡಿನ ಡಬ್ಬಿ ಹಿಡಿದು ಬಂದರು. ‘ಏನಾದ್ರೂ ವಿಶೇಷ?’ ಎಂದರು. ‘ಏನಿಲ್ಲ ಸಾರ್’ ಎಂದೆ. ಸ್ಟೆಪ್ನಿ ಕೊಡಬಹುದಾದ ಅತ್ಯುತ್ತಮ ವರದಿ ಅದು. ಲಾಡು ಚೆನ್ನಾಗಿತ್ತು.

ಮತ್ತೆ ಸಿಲ್ವೆರಾ. ಅದೇ 1949ರ ಅಕ್ಟೋಬರ್. ವರ್ಷದ ಕೊನೆಗೆ ಎರಡು ಲೀಗುಗಳನ್ನು ಗೆದ್ದವರು ಸೆಣೆಸುವ ವರ್ಲ್ಡ್ ಸೀರೀಸ್, ಎದುರಾಳಿ ಬ್ರೂಕ್ಲಿನ್ ಡಾಡ್ಜರ್ಸ್. ಎರಡನೇ ಆಟಕ್ಕೆ ಸ್ಟೆಂಗೆಲ್ ಬೆರ್ರಾನನ್ನು ಕೂರಿಸಿ ಸಿಲ್ವೆರಾನನ್ನು ಇಳಿಸಿದ. ಡಾಡ್ಜರ್ಸ್ ಪಿಚರ್ ಪ್ರೀಚರ್ ರೋ ಯಾಂಕೀಸಿಗೆ ಒಂದೂ ರನ್ ಕೊಡಲಿಲ್ಲ. ಸಿಲ್ವೆರಾ ಎರಡು ಸಲ ಬ್ಯಾಟ್ ಹಿಡಿದ, ಹಿಟ್ ಬರಲಿಲ್ಲ; ಮೂರನೇ ಸರದಿ ಬಂದಾಗ ಅವನ ಬದಲು ಬೇರೊಬ್ಬನನ್ನು ಕಳಿಸಿದರು. ಜ್ಯಾಕಿ ರಾಬಿನ್ಸನ್ ಗಳಿಸಿದ ಒಂದೇ ರನ್ನಿನಿಂದ ಡಾಡ್ಜರ್ಸ್ ಗೆದ್ದಿತು. ಯಾಂಕೀಸ್ ಆ ಸೀರೀಸನ್ನು 4-1ರಿಂದ ಗೆದ್ದರು. ಅಂದರೆ ಸೋತದ್ದು ಅದೊಂದೇ ಆಟ. ಸ್ಟೆಪ್ನಿ ಹಾಕಿಕೊಂಡು ಹೋದ ದಿನವೇ ಎಂಜಿನ್ ಕೆಟ್ಟಿತು. ಬೈಸಿಕೊಂಡದ್ದು ಮಾತ್ರ ಯಾರೋ ದೇವರೇ ಬಲ್ಲ. ಮುಂದೆ ಇನ್ನೂ ಆರು ಸಲ, ’50, ’51, ’52, ’53, ’55, ’56ರಲ್ಲಿ, ಯಾಂಕೀಸ್ ವರ್ಲ್ಡ್ ಸೀರೀಸ್ ಆಡಿದರು. ಆರೂ ಸಲ ಸಿಲ್ವೆರಾ ತಂಡದಲ್ಲಿದ್ದ. ಆರರಲ್ಲೂ ಒಂದು ಗಳಿಗೆ ಕೂಡ ಮೈದಾನಕ್ಕೆ ಇಳಿಯಲಿಲ್ಲ.

1949ರಿಂದ 1953ರವರೆಗೆ ಯಾಂಕೀಸ್ ಸತತ ಐದು ವರ್ಷ ಗೆದ್ದರು. ಹಾಗೆ ಗೆದ್ದ ತಂಡ ಅಲ್ಲಿಯತನಕ ಇರಲಿಲ್ಲ, ಆಮೇಲೂ ಬಂದಿಲ್ಲ. ಐದೂ ವರ್ಷ ತಂಡದಲ್ಲಿದ್ದವರು ಹನ್ನೆರಡೇ ಜನ, ಅವರಲ್ಲಿ ನಮ್ಮವನೂ ಒಬ್ಬ. 1956ನ್ನೂ ಸೇರಿಸಿದರೆ ಆರು ಸಲ ಚಾಂಪಿಯನ್ ತಂಡದಲ್ಲಿದ್ದವನು. ಇಡೀ ವೃತ್ತಿಯಲ್ಲಿ ಹೊಡೆದ ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ್ದು, ಎಷ್ಟು ಎಂದು ನೋಡಿದೆ. ಒಂದು. 1951ರಲ್ಲಿ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಒಂದೇ.

ಹಾಗಂತ ಆಡಲು ಬಾರದವನೇನಲ್ಲ. 1952ರಲ್ಲಿ 55 ಸರದಿಗೆ 18 ಹಿಟ್. ಒಟ್ಟು ವೃತ್ತಿಯ ಸರಾಸರಿ .282, ದಿನಾ ಆಡುವ ಎಷ್ಟೋ ಕ್ಯಾಚರುಗಳಿಗೆ ಇಷ್ಟು ಬರುವುದಿಲ್ಲ. ಬೆರ್ರಾನ ನೆರಳಿನಿಂದ ಹೊರಬಿದ್ದವರು ಬೇರೆ ಕಡೆ ಹೋಗಿ ಬೆಳೆದ ಉದಾಹರಣೆಗಳೂ ಇವೆ. ಶರ್ಮ್ ಲೊಲ್ಲರ್, ಗಸ್ ಟ್ರಿಯಾಂಡೋಸ್ ಎಂಬಿಬ್ಬರು ಯಾಂಕೀಸ್ ಬಿಟ್ಟುಹೋದ ಮೇಲೆ ಒಬ್ಬ ಶಿಕಾಗೋದಲ್ಲಿ, ಇನ್ನೊಬ್ಬ ಬಾಲ್ಟಿಮೋರಿನಲ್ಲಿ ಮೊದಲ ಕ್ಯಾಚರ್ ಆಗಿ ಹೆಸರು ಮಾಡಿದರು. ಸಿಲ್ವೆರಾ ಉಳಿದ. ಆಗಿನ ಕಾಲದಲ್ಲಿ ಆಟಗಾರ ತಾನಾಗಿ ಬಿಟ್ಟುಹೋಗುವ ಹಾಗೂ ಇರಲಿಲ್ಲ. ತಂಡ ಮಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಳ್ಳೆಯ ಸ್ಟೆಪ್ನಿಯನ್ನು ಯಾವ ಜಾಣ ಮಾರುತ್ತಾನೆ?

ಸ್ಟೆಪ್ನಿಗೂ ಒಂದು ಸ್ಟೆಪ್ನಿ ಇತ್ತು ಎಂಬುದು ಕತೆಯ ಇನ್ನೊಂದು ಸ್ವಾರಸ್ಯ. ರಾಲ್ಫ್ ಹೌಕ್ ಎಂಬ ಮೂರನೇ ಕ್ಯಾಚರ್. ಎರಡನೇ ಮಹಾಯುದ್ಧದಲ್ಲಿ ಮೇಜರ್ ಆಗಿ ಪದಕಗಳನ್ನು ಪಡೆದು ಬಂದ ಶೂರ. ಯುದ್ಧದಿಂದ ಬಂದವನು 1947ರಿಂದ 1954ರವರೆಗೆ ಆಡಿದ್ದು ಎಲ್ಲ ಸೇರಿ 91 ಆಟ. ಹೋಮ್ ರನ್ ಸೊನ್ನೆ. ಬೆರ್ರಾನ ಬೆರಳೂ ಸಿಲ್ವೆರಾನ ಬೆರಳೂ ಒಟ್ಟಿಗೆ ಮುರಿಯಬೇಕಿತ್ತು ಅವನ ದೆಸೆ ತಿರುಗಲು. ಆದರೆ ದೊಡ್ಡಿಯಲ್ಲಿ ಕೂತು ಕೂತು ಅವನು ಏನೇನು ನೋಡಿಕೊಂಡನೋ ಏನೋ, 1961ರಲ್ಲಿ ಸ್ಟೆಂಗೆಲ್ ಜಾಗಕ್ಕೆ ಬಂದು ಇಡೀ ತಂಡಕ್ಕೇ ಮ್ಯಾನೇಜರ್ ಆದ. ಮೊದಲೆರಡು ವರ್ಷವೂ ವರ್ಲ್ಡ್ ಸೀರೀಸ್ ಗೆದ್ದ. ಯೋಗಿ ಬೆರ್ರಾ ಆಗ ಅವನ ಕೈಕೆಳಗೆ ಆಡುತ್ತಿದ್ದ. ನಾನು ಇದನ್ನು ಹೆಂಡತಿಗೆ ಓದಿ ಹೇಳಿದಾಗ ಅವಳು ಹಿಂಡಿಟ್ಟ ಬಟ್ಟೆ ಕೊಡವುತ್ತಾ, ‘ಮೂರನೆಯವನು ಯಜಮಾನ ಆದ, ಎರಡನೆಯವನು ಏನಾದ?’ ಎಂದಳು. ಅವಳ ಪ್ರಶ್ನೆಗಳು ಯಾವಾಗಲೂ ನೇರ.

ಎರಡನೆಯವನು ಮನೆ ಕಟ್ಟಿಸಿದ. ವರ್ಲ್ಡ್ ಸೀರೀಸ್ ಆಡಿದ ತಂಡಕ್ಕೆ ಟಿಕೆಟ್ ಹಣದಲ್ಲಿ ಪಾಲು ಬರುತ್ತದೆ. ಮೈದಾನದಲ್ಲಿ ಓಡಿದವನಿಗೂ ದೊಡ್ಡಿಯಲ್ಲಿ ಕೂತವನಿಗೂ. ಗೆದ್ದವರ ಪಾಲು ತಲೆಗೆ 1949ರಲ್ಲಿ 5,600 ಡಾಲರ್ ಮೇಲೆ, 1956ರಲ್ಲಿ 8,700ರ ಮೇಲೆ. ಏಳು ಸಲದ್ದು ಕೂಡಿಸಿದರೆ ಸುಮಾರು 46,000 ಡಾಲರ್. ಕನಿಷ್ಠ ಸಂಬಳ ವರ್ಷಕ್ಕೆ ಐದಾರು ಸಾವಿರ ಇದ್ದ ಕಾಲ ಅದು. ಯಾಂಕೀಸ್ ಜೊತೆಗಿನ ಕೊನೆಯ ವರ್ಷ, 1956ರಲ್ಲಿ, ಆತ ಆಡಿದ್ದು ಏಳು ಆಟ, ಬ್ಯಾಟ್ ಹಿಡಿದದ್ದು ಒಂಬತ್ತು ಸರದಿ. ಯಾಂಕೀಸಿನ ಹಳೆಯ ಸ್ಟೇಡಿಯಮ್ಮಿಗೆ, ತಂಡದ ಹಿಂದಿನ ತಾರೆ ಬೇಬ್ ರೂತ್ ಹೆಸರಿನಲ್ಲಿ, ‘ರೂತ್ ಕಟ್ಟಿಸಿದ ಮನೆ’ ಎಂದು ಹೆಸರಿತ್ತು. ಅದನ್ನೇ ತಿರುಗಿಸಿ ಸಿಲ್ವೆರಾ ಮಿಲ್‌ಬ್ರೇಯ ತನ್ನ ಮನೆಯನ್ನು ‘ಯೋಗಿ ಕಟ್ಟಿಸಿದ ಮನೆ’ ಎನ್ನುತ್ತಿದ್ದನಂತೆ. ಎಂಟು ವರ್ಷ ತನ್ನ ದಾರಿಗೆ ಅಡ್ಡ ಕೂತವನ ಹೆಸರನ್ನು ನಗುನಗುತ್ತಾ ಸ್ವಂತ ಮನೆಗೆ ಇಡಬಲ್ಲವನಿಗೆ ಬೇರೆ ಯೋಗ ಏಕೆ ಬೇಕು?

ನಮ್ಮಲ್ಲೂ ಕಾದವರಿದ್ದಾರೆ. ಸಯ್ಯದ್ ಕಿರ್ಮಾನಿಯವರು 1971ರಲ್ಲೇ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋದವರು. ವಿಕೆಟ್ ಹಿಂದೆ ಫಾರೂಕ್ ಎಂಜಿನಿಯರ್ ಇದ್ದರು. 1974ರಲ್ಲಿ ಮತ್ತೆ ಹೋದರು. ಎಂಜಿನಿಯರ್ ಇನ್ನೂ ಅಲ್ಲೇ ಇದ್ದರು. ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಮೊದಲ ಟೆಸ್ಟ್, ಎರಡನೇ ಟೆಸ್ಟಿನಲ್ಲೇ ಒಂದು ಇನಿಂಗ್ಸಿನಲ್ಲಿ ಆರು ಬಲಿ ಪಡೆದು ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಅದು ಕಾದು ಗೆದ್ದ ಕತೆ, ಮಕ್ಕಳ ಪಠ್ಯಪುಸ್ತಕಕ್ಕೆ ಸೈ. ನನ್ನ ಒಲವು 1983ರ ಸುನಿಲ್ ವಾಲ್ಸನ್ ಕಡೆಗೆ. ವಿಶ್ವಕಪ್ ಗೆದ್ದ ಹದಿನಾಲ್ಕು ಜನರಲ್ಲಿ ಒಂದೂ ಆಟ ಆಡದೆ ಉಳಿದವರು ಅವರೊಬ್ಬರೇ. ಆಮೇಲೂ ಭಾರತಕ್ಕೆ ಆಡುವ ಅವಕಾಶ ಬರಲಿಲ್ಲ. ಆ ತಂಡದ ಹದಿಮೂರು ಹೆಸರು ಹೇಳಿ ಹದಿನಾಲ್ಕನೆಯದಕ್ಕೆ ತಡವರಿಸುವುದು ನಮ್ಮ ಕಾಲದವರ ಹರಟೆಯಲ್ಲಿ ಒಂದು ಆಟವೇ ಆಗಿತ್ತು. ಹೀಗಾಗಿ ಹದಿಮೂರರಲ್ಲಿ ಕೆಲವರು ಮರೆತರೂ ವಾಲ್ಸನ್ ನೆನಪಿರುತ್ತಾರೆ.

ಬ್ಯಾಕಪ್ ಕ್ಯಾಚರುಗಳ ಕುಲದಲ್ಲಿ ವಿಚಿತ್ರ ಮನುಷ್ಯರು ಬಹಳ. ಕೂರಲು ಅಷ್ಟು ಸಮಯ ಸಿಕ್ಕರೆ ಏನಾದರೂ ಒಂದು ಆಗಲೇಬೇಕಲ್ಲ. ಮೋ ಬರ್ಗ್ ಎಂಬಾತ ಹದಿನೈದು ವರ್ಷ ಆಡಿ ಆರು ಹೋಮ್ ರನ್ ಹೊಡೆದ. ಪ್ರಿನ್ಸ್‌ಟನ್ನಿನಲ್ಲಿ ಲ್ಯಾಟಿನ್, ಗ್ರೀಕ್ ಜೊತೆ ಸಂಸ್ಕೃತವನ್ನೂ ಓದಿದವನು. ಇಷ್ಟೊಂದು ಭಾಷೆ ಬರುತ್ತದೆ, ಒಂದರಲ್ಲೂ ಬ್ಯಾಟಿಂಗ್ ಬರುವುದಿಲ್ಲ ಎಂದು ಜೊತೆಯವರ ಗೇಲಿ. ಯುದ್ಧದ ಕಾಲಕ್ಕೆ ಗೂಢಚಾರನಾದ. 1944ರ ಡಿಸೆಂಬರಿನಲ್ಲಿ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಜ್ಯೂರಿಕ್‌ನಲ್ಲಿ ಭೌತವಿಜ್ಞಾನಿ ಹೈಸೆನ್‌ಬರ್ಗನ ಉಪನ್ಯಾಸ ಕೇಳುತ್ತ ಕೂತಿದ್ದ. ಜರ್ಮನ್ನರ ಅಣುಬಾಂಬು ತಯಾರಾಗುತ್ತಿದೆ ಎಂಬ ಸುಳಿವು ಸಿಕ್ಕರೆ ಗುಂಡು ಹೊಡೆಯಬೇಕಿತ್ತು. ಸಿಗಲಿಲ್ಲ. ಅಲ್ಲೂ ಮೈದಾನಕ್ಕೆ ಇಳಿಯುವ ಸರದಿ ಬರಲಿಲ್ಲ. ಹ್ಯಾರಿ ಚಿಟಿ ಎಂಬವನದು ಇನ್ನೂ ಮಜಾ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದವರು ಅವನನ್ನು ಕ್ಲೀವ್‌ಲ್ಯಾಂಡಿನಿಂದ ತಂದರು. ಬದಲಿಗೆ ಯಾರನ್ನು ಕೊಡುವುದು ಎಂಬುದನ್ನು ಆಮೇಲೆ ತಿಳಿಸುವುದಾಗಿ ಕರಾರು. ಎರಡು ತಿಂಗಳೊಳಗೆ ತಿಳಿಸಿದರು: ಹ್ಯಾರಿ ಚಿಟಿಯನ್ನೇ ಕೊಟ್ಟುಬಿಟ್ಟರು. ಹೀಗೆ ತನಗೆ ತಾನೇ ಬದಲಿಯಾದ ಮನುಷ್ಯ. ಪಕ್ಕದ ಮನೆಯಿಂದ ಸಾಲ ತಂದ ಕಾಫಿಪುಡಿ ಚೆನ್ನಾಗಿಲ್ಲವೆಂದು ಅದನ್ನೇ ಹಿಂದಿರುಗಿಸಿ ಸಾಲ ತೀರಿಸಿದ ಹಾಗೆ.

ಆದರೆ ಸ್ಟೆಪ್ನಿಗೆ ರಾಜಮರ್ಯಾದೆ ಸಿಕ್ಕ ದಿನವೂ ಒಂದಿದೆ. ಬಾಸ್ಟನ್ ರೆಡ್ ಸಾಕ್ಸ್‌ನಲ್ಲಿ ಟಿಮ್ ವೇಕ್‌ಫೀಲ್ಡ್ ಎಂಬ ಪಿಚರ್ ಎಸೆಯುತ್ತಿದ್ದದ್ದು ನಕಲ್‌ಬಾಲ್. ನಿಧಾನಕ್ಕೆ, ತಿರುಗದೆ ಬರುವ ಚೆಂಡು. ಚಿಟ್ಟೆಯಂತೆ ಎತ್ತ ವಾಲುತ್ತದೋ ಎಸೆದವನಿಗೂ ಗೊತ್ತಿಲ್ಲ. ಅದನ್ನು ಹಿಡಿಯುವ ಕಲೆ ಬ್ಯಾಕಪ್ ಕ್ಯಾಚರ್ ಡಗ್ ಮಿರಬೆಲ್ಲಿಗೆ ಸಿದ್ಧಿಸಿತ್ತು. ಬುದ್ಧಿವಂತರು ಅವನನ್ನು ಸ್ಯಾನ್ ಡಿಯೇಗೋಗೆ ಕೊಟ್ಟುಬಿಟ್ಟರು. ಹೊಸಬ ಪಾಪ ಒಂದು ತಿಂಗಳಲ್ಲಿ ಹತ್ತು ಚೆಂಡು ಬಿಟ್ಟ. ತಲೆ ಕೆಟ್ಟ ರೆಡ್ ಸಾಕ್ಸ್ 2006ರ ಮೇ 1ರಂದು ಮಿರಬೆಲ್ಲಿಯನ್ನು ಮರಳಿ ಪಡೆದರು. ಅಂದು ಸಂಜೆಯೇ ಯಾಂಕೀಸ್ ಜೊತೆ ಆಟ, ವೇಕ್‌ಫೀಲ್ಡ್ ಸರದಿ. ಖಾಸಗಿ ವಿಮಾನದಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ಕರೆಸಿಕೊಂಡು, ವಿಮಾನ ನಿಲ್ದಾಣದಿಂದ ಪೊಲೀಸ್ ಬೆಂಗಾವಲಿನಲ್ಲಿ ಓಡಿಸಿಕೊಂಡು ಬಂದರು. ಮಿರಬೆಲ್ಲಿ ಓಡುವ ಗಾಡಿಯೊಳಗೇ ಬಟ್ಟೆ ಬದಲಿಸಿ ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಿ ಕೂತ. ರೆಡ್ ಸಾಕ್ಸ್ ಗೆದ್ದರು. ಸೈರನ್ ಹಾಕಿಕೊಂಡು ಸ್ಟೆಪ್ನಿ ತರಿಸಿಕೊಂಡದ್ದನ್ನು ಇನ್ನೆಲ್ಲೂ ನಾನು ಓದಿಲ್ಲ.

ಸಿಲ್ವೆರಾನಿಗೆ ಅಂಥ ಸೈರನ್ ಕೂಗಲಿಲ್ಲ. 1957ರಲ್ಲಿ ಶಿಕಾಗೋ ಕಬ್ಸ್ ಸೇರಿದ. ಬೆರ್ರಾ ಇಲ್ಲದ ಊರು. 26 ಆಟ ಆಡಿದ, ಹಿಟ್ಟಿನ ಸರಾಸರಿ .208ಕ್ಕೆ ಇಳಿಯಿತು, ಅಲ್ಲಿಗೆ ದೊಡ್ಡ ಲೀಗಿನ ಆಟ ಮುಗಿಯಿತು. ಒಟ್ಟು 227 ಆಟ. ಹಳೆಯ ಜೊತೆಗಾರ ಬಿಲ್ಲಿ ಮಾರ್ಟಿನ್ ಮ್ಯಾನೇಜರ್ ಆದಾಗ ಮಿನೆಸೋಟ, ಡೆಟ್ರಾಯ್ಟ್, ಟೆಕ್ಸಸ್ ತಂಡಗಳಿಗೆ ಅವನ ಜೊತೆ ಕೋಚ್ ಆಗಿ ಹೋದ. ಆಮೇಲೆ ಬಹುಕಾಲ ಸ್ಕೌಟ್, ಅಂದರೆ ಊರೂರು ತಿರುಗಿ ಹೊಸ ಹುಡುಗರನ್ನು ಗುರುತಿಸುವ ಕೆಲಸ. ಪುನಃ ಬೆಂಚಿನ ಮೇಲೆ ಕೂತು ನೋಡುವುದೇ. ತೀರಿಕೊಂಡದ್ದು 2019ರ ಸೆಪ್ಟೆಂಬರಿನಲ್ಲಿ, 94ನೇ ವಯಸ್ಸಿನಲ್ಲಿ. ಬೆರ್ರಾ ನಾಲ್ಕು ವರ್ಷ ಮುಂಚೆ ಹೋಗಿದ್ದ.

ನಾವು ಊರಿಗೆ ಹೊರಡುವ ಹಿಂದಿನ ಶನಿವಾರ ಕೊನೆಯ ಆಟ. ಬೀಗರು ಮುಂದಿನ ವಾರ ಬರುವವರಿದ್ದರು. ನನ್ನ ಹೆಂಡತಿಯೂ ಬಂದಿದ್ದಳು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು. ಐದನೇ ಸುತ್ತಿಗೆ ತಂಡಗಳು ಜಾಗ ಬದಲಿಸಿದವು. ನಮ್ಮವನ ತಂಡದ ಕ್ಯಾಚರ್ ಹುಡುಗ ಅಷ್ಟು ಹೊತ್ತೂ ಬ್ಯಾಟಿಂಗ್ ಮಾಡಿ ರನ್ ಓಡುತ್ತಿದ್ದವನು. ಈಗ ಓಡಿ ಬಂದು ಮೊಣಕಾಲಿನ ಕವಚ ಕಟ್ಟಿಕೊಳ್ಳಬೇಕು, ಎದೆಯದು ಕಟ್ಟಿಕೊಳ್ಳಬೇಕು. ಅವಸರದಲ್ಲಿ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡ. ಕೊಂಡಿಗಳು ಒಳಮಗ್ಗುಲಿಗೆ ಬಂದರೆ ಓಡುವಾಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಬಿಚ್ಚಿ ಮತ್ತೆ ಕಟ್ಟಬೇಕು. ಅಷ್ಟರಲ್ಲಿ ಪಿಚರ್ ಹುಡುಗ ತೋಳು ಕಾಯಿಸಿಕೊಳ್ಳಲು ಚೆಂಡು ಹಿಡಿದು ನಿಂತಿದ್ದ. ಕೋಚ್ ಕೂಗಿದ. ನಮ್ಮವನು ಬೆಂಚಿನಿಂದ ಎದ್ದು, ಜಾಲರಿ ಮುಖಕ್ಕೆ ಎಳೆದುಕೊಂಡು, ಗ್ಲೌಸ್ ಏರಿಸಿಕೊಂಡು ಓಡಿದ. ಜಾಲರಿಯ ಕೆಳಗೆ ಗಂಟಲಿಗೆಂದು ಜೋತುಬಿಟ್ಟ ತಟ್ಟೆ ಆ ಕಡೆ ಈ ಕಡೆ ಆಡುತ್ತಿತ್ತು. ಕುಕ್ಕುರುಗಾಲಲ್ಲಿ ಕೂತ. ಟಪ್. ಎಸೆದು ವಾಪಸ್ ಕೊಟ್ಟ. ಟಪ್. ಗ್ಲೌಸಿನ ನಡುವಿಗೆ ಬಿದ್ದರೆ ಆ ಸದ್ದೇ ಬೇರೆ, ಬೆಂಚಿನ ಮುದುಕ ನನಗೆ ಕಲಿಸಿದ್ದ. ನಾಲ್ಕನೆಯದು ನೆಲಕ್ಕೆ ಬಿದ್ದು ಪುಟಿದದ್ದು. ಮೊಣಕಾಲೂರಿ ಎದೆಯಲ್ಲಿ ತಡೆದ. ಅಷ್ಟು ಹೊತ್ತಿಗೆ ಆ ಹುಡುಗ ಕಟ್ಟಿಕೊಂಡು ಬಂದ. ಇಬ್ಬರೂ ಗ್ಲೌಸಿಗೆ ಗ್ಲೌಸ್ ತಾಗಿಸಿದರು, ನಮ್ಮವನು ಹಿಂದಕ್ಕೆ ಓಡಿ ಬಂದು ಕೂತ. ಎಲ್ಲ ಸೇರಿ ಒಂದು ನಿಮಿಷ. ನನ್ನ ಹೆಂಡತಿ ಒಬ್ಬಳೇ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಸುತ್ತಿನ ಆಟ ಇನ್ನೂ ಶುರುವೇ ಆಗಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಮುದುಕನೂ ತಟ್ಟಿದ. ಅವನಿಗೆ ಗೊತ್ತಿತ್ತು.

ಹುಡುಗ ಬೆಂಚಿನಿಂದ ತಲೆ ಹೊರಳಿಸಿ ಬೇಲಿಯ ಸಂದಿಯಿಂದ ನನ್ನನ್ನು ಹುಡುಕಿದ. ಮುಖದ ಮೇಲೆ ಇನ್ನೂ ಜಾಲರಿ.

‘ತಾತ, ನೋಡ್ದ್ಯಾ? ಒಂದೂ ಬಿಡ್ಲಿಲ್ಲ.’